ದಿನದಿನವೂ ಪಾರಣೆ

ನಾಲ್ಕು ವರ್ಷಗಳ ಹಿಂದಿನ ಮಾತು. ಒಂದು ಬೆಳಿಗ್ಗೆ ನಮ್ಮ ತಾಯಿಯವರು ತಟ್ಟೆಯನ್ನು ಸರಿಸಿ, "ಇಂದು ಚತುರ್ದಶಿ, ನನಗೆ ಉಪವಾಸ" ಎಂದರು. ಮರುದಿನವೂ ಅದೇ ಮಾತು. ಒತ್ತಾಯಿಸಿದರೆ ಒಂದು ಲೋಟ ಹಾಲು, ಅಷ್ಟೆ. ಎಂಬತ್ತು ದಾಟಿದ ಮೇಲೂ ಎಂತಹ ವ್ರತನಿಷ್ಠೆ ಎಂದು ಬಸದಿಗೆ ಬರುವವರು ಕೊಂಡಾಡಿದರು, ನಾವೂ ಹೆಮ್ಮೆಪಟ್ಟೆವು. ತಿಂಗಳು ತುಂಬುವಷ್ಟರಲ್ಲಿ ಅವರ ಕೈಬಳೆಗಳು ತಾವಾಗಿಯೇ ಜಾರತೊಡಗಿದವು. ತಾಯಿಯವರು ವ್ರತವನ್ನು ಪಾಲಿಸುತ್ತಿರಲಿಲ್ಲ, ತಿಥಿಯನ್ನು ಮರೆತಿದ್ದರು ಎಂಬುದು ನಮಗೆ ಆಗ ಹೊಳೆಯಿತು.

ವೈದ್ಯರು ಇದು ಡಿಮೆನ್ಷಿಯಾ ಎಂದರು. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ನಮ್ಮ ದೇಶದಲ್ಲಿ 60 ವರ್ಷ ಮೀರಿದ ಸುಮಾರು 88 ಲಕ್ಷ ಜನರಿಗೆ ಈ ವ್ಯಾಧಿಯಿದೆ. ರಕ್ತಪರೀಕ್ಷೆಯಲ್ಲಿ ಬಿ-12 ಜೀವಸತ್ವದ ಕೊರತೆಯೂ ಕಂಡುಬಂದಿತು. ಇದು ಕಾಳು, ಸೊಪ್ಪು, ತೆಂಗುಗಳಲ್ಲಿ ದೊರೆಯದು. ನಮ್ಮಂತಹ ಶಾಕಾಹಾರಿಗಳಿಗೆ ಹಾಲು ಮೊಸರುಗಳೇ ಆಧಾರ. ವೃದ್ಧಾಪ್ಯದಲ್ಲಿ ದೇಹ ಅದನ್ನು ಹೀರಿಕೊಳ್ಳುವುದೂ ಕುಗ್ಗುತ್ತದೆ. ಈ ಕೊರತೆಯಿಂದಲೇ ಬಂದ ಮರೆವು ಬೇಗ ಚಿಕಿತ್ಸೆ ದೊರೆತರೆ ಹಿಮ್ಮೆಟ್ಟಬಹುದು. ಚುಚ್ಚುಮದ್ದಿನಿಂದ ತಾಯಿಯವರ ನಡಿಗೆ ಸುಧಾರಿಸಿತು. ಮರೆವು ಮಾತ್ರ ಹೋಗಲಿಲ್ಲ.

ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ನನ್ನನ್ನು, ಕೊಬ್ಬರಿ ಎಣ್ಣೆಯಿಂದ ಮರೆವು ವಾಸಿಯಾಗುವುದೇ ಎಂದು ಕೇಳುವವರುಂಟು. ಅದರ ಕೆಲವು ಕೊಬ್ಬಿನಂಶಗಳು ಯಕೃತ್ತಿನಲ್ಲಿ ಕೀಟೋನುಗಳಾಗಿ ಮಿದುಳಿಗೆ ಇಂಧನವಾಗಬಲ್ಲವು. ಆದರೆ ರೋಗ ಗುಣವಾಗುವುದೆಂಬುದು ಸಿದ್ಧಪಟ್ಟಿಲ್ಲ. ಹಾಗೆಂದು ಹೇಳಿ ಗಿರಾಕಿಯನ್ನು ಕಳೆದುಕೊಂಡದ್ದೂ ಉಂಟು.

ಅಂಗಡಿಯಲ್ಲಿ ಇಷ್ಟು ಎಚ್ಚರವಹಿಸುವ ನಾನು ಮನೆಯಲ್ಲಿ ಪ್ರತಿದಿನ ಒಂದು ಸುಳ್ಳು ಹೇಳುತ್ತೇನೆ. ಪಂಚಾಂಗ ತೋರಿಸಿದರೂ ತಾಯಿಯವರು ನಂಬದಿದ್ದಾಗ ನನ್ನ ಧರ್ಮಪತ್ನಿ ಒಮ್ಮೆ, "ಅತ್ತೆ, ಉಪವಾಸ ನಿನ್ನೆಗೆ ಮುಗಿಯಿತು, ಇಂದು ಪಾರಣೆ" ಎಂದಳು. ತಾಯಿಯವರು ಕೈಮುಗಿದು, ಹಾಲು ಅನ್ನವನ್ನು ತೃಪ್ತಿಯಿಂದ ಉಂಡರು. ಅಂದಿನಿಂದ ನಮ್ಮ ಮನೆಯಲ್ಲಿ ದಿನದಿನವೂ ಪಾರಣೆ.

ಇದು ಸತ್ಯಾಣುವ್ರತಕ್ಕೆ ಭಂಗವಲ್ಲವೇ? ಪರರಿಗೆ ವಿಪತ್ತು ತರುವ ಸತ್ಯವನ್ನೂ ಶ್ರಾವಕನು ಆಡಬಾರದೆಂದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ತಿಳಿಸುತ್ತದೆ. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವನ್ನೂ ಎಣಿಸಿದೆ. ಅರಿತು ಕೈಗೊಂಡ ಸಂಕಲ್ಪವೇ ವ್ರತ. ಅರಿವೇ ಮಾಸಿದವರ ಹಸಿವನ್ನು ತಪಸ್ಸೆಂದು ಪೂಜಿಸಿದ ನಮ್ಮ ಆ ಒಂದು ತಿಂಗಳೇ ದೊಡ್ಡ ದೋಷವೆಂದು ನನಗನ್ನಿಸುತ್ತದೆ. ಆದರೂ ನನ್ನ ಮಾತು ಸತ್ಯವೆಂದು ಸಾಧಿಸಲಾರೆ. ರಾತ್ರಿಯ ಪ್ರತಿಕ್ರಮಣದಲ್ಲಿ ಅದನ್ನೂ ಸೇರಿಸಿಕೊಂಡು ಕ್ಷಮೆ ಬೇಡುತ್ತೇನೆ. ಬೆಳಿಗ್ಗೆ ಮತ್ತೆ ಹೇಳುತ್ತೇನೆ.

ಧರ್ಮಬಂಧುಗಳಲ್ಲಿ ಒಂದು ವಿನಂತಿ. ಮನೆಯ ಹಿರಿಯರ ಉಪವಾಸ ಹಠಾತ್ತನೆ ಹೆಚ್ಚಿದರೆ ಹೊಗಳುವ ಮುನ್ನ ತಿಥಿಯನ್ನು ಕೇಳಿ ನೋಡಿ. ಬಿ-12 ಪರೀಕ್ಷೆ ಮಾಡಿಸಿ. ಜಿಲಾಟಿನ್ ಕವಚ ಬೇಡವೆನ್ನುವವರು ವೈದ್ಯರಲ್ಲಿ ಮಾತ್ರೆಯನ್ನೇ ಕೇಳಬಹುದು. ಸೂರ್ಯಾಸ್ತಕ್ಕೆ ಮುನ್ನ, ಅವರೊಡನೆ ಕುಳಿತು ಉಣ್ಣಿ. ಜೊತೆಗೆ ಉಣ್ಣುವವರನ್ನು ಕಂಡರೆ ಅವರ ಕೈಯೂ ತಟ್ಟೆಗೆ ಬರುತ್ತದೆ.