ಕಾಯಿಲಿನ ಕಾಯಿಲೆ

ಜೂನ್ 1ಕ್ಕೆ ನಮ್ಮ ಕರಾವಳಿಯ ದೊಡ್ಡ ಬೋಟುಗಳೆಲ್ಲ ದಕ್ಕೆ ಸೇರಿ ಎರಡು ತಿಂಗಳು ಮಲಗಿಬಿಡುತ್ತವೆ. ಆ ಮಳೆಯಲ್ಲಿ ಕಡಲಿಗಿಳಿಯುವುದು ನಾಡದೋಣಿ, ಅದರ ಬೆನ್ನಿಗೆ ಕಚ್ಚಿಕೊಂಡ ಹತ್ತು ಅಶ್ವಶಕ್ತಿಯೊಳಗಿನ ಔಟ್‌ಬೋರ್ಡ್ ಎಂಜಿನ್. ವರ್ಷದ ಅತಿ ಕೆಟ್ಟ ಹವೆಯನ್ನು ಅತಿ ಚಿಕ್ಕ ಎಂಜಿನ್ನಿನ ತಲೆಗೆ ಕಟ್ಟಿದ ಮೇಲೆ ಗಂಗೊಳ್ಳಿ, ಮರವಂತೆ ಕಡೆಯ ಮೆಕ್ಯಾನಿಕ್ಕುಗಳಿಗೆ ಆಷಾಢದಲ್ಲಿ ಪುರುಸೊತ್ತು ಎಲ್ಲಿಂದ ಬರಬೇಕು?

ಎಂಜಿನ್ ಹಗ್ಗ ಎಳೆದೆಳೆದು ರಟ್ಟೆ ಸೋತವನು ಮೊದಲು ಬೈಯುವುದು ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲನ್ನು. ಪಾಪ, ಅರ್ಧಕ್ಕರ್ಧ ಸಲ ಅದರದ್ದೇನೂ ತಪ್ಪಿರುವುದಿಲ್ಲ. ಈ ಎಂಜಿನ್ನುಗಳು ಪೆಟ್ರೋಲಿನಲ್ಲಿ ಎದ್ದು, ಮೈ ಕಾದ ಮೇಲೆ ಸೀಮೆಎಣ್ಣೆಗೆ ಹೊರಳುವ ಜಾತಿಯವು. ಸೀಮೆಎಣ್ಣೆ ಪ್ಲಗ್ಗಿಗೆ ಮಸಿ ಬಳಿಯುತ್ತದೆ; ಸ್ವಿಚ್ಚಿನ ವಯರು ಉಪ್ಪಿಗೆ ಹಸಿರುಗಟ್ಟಿ ಎಂಜಿನ್ನಿನ ಮೈಗೆ ತಾಗುತ್ತದೆ. ಬೈಗುಳ ಮಾತ್ರ ಕಾಯಿಲಿಗೆ.

ನಿಜವಾಗಿ ಅದೇ ಕೆಟ್ಟಿದ್ದರೂ ಮೀಟರನ್ನು ನಂಬಿ ಕೂರಬೇಡಿ. ಒಳಗೆ ಎರಡು ಬಗೆಯ ತಂತಿ: ದಪ್ಪದ್ದು ಕಡಿಮೆ ಸುತ್ತು, ಕೂದಲೆಳೆಯಂಥದ್ದು ಸಾವಿರಾರು. ಮೀಟರ್ ಮುಟ್ಟಿಸಿದರೆ ಮೊದಲನೆಯದು ಸೊನ್ನೆಯ ಹತ್ತಿರ, ಎರಡನೆಯದು ಕೆಲವು ಸಾವಿರ ಓಮ್ ತೋರಿಸಿ ‘ನಾನು ಗಟ್ಟಿ’ ಎನ್ನುತ್ತದೆ. ಆದರೆ ಮೀಟರಿನದು ಸಣ್ಣ ಬ್ಯಾಟರಿ. ಎಂಜಿನ್ ತಿರುಗುವಾಗ ಅಲ್ಲಿ ಏಳುವುದು ಹತ್ತು ಸಾವಿರ ವೋಲ್ಟಿಗೂ ಮಿಕ್ಕಿದ ಆವೇಶ. ಮೈಮೇಲಿನ ಕೂದಲಗಲದ ಬಿರುಕೇ ಅದಕ್ಕೆ ಹೆಬ್ಬಾಗಿಲು.

ಬಲ್ಲವರು ಸಂಜೆಗತ್ತಲೆಗೆ ಕಾಯುತ್ತಾರೆ. ಪ್ಲಗ್ ಬಿಚ್ಚಿ, ಅದರ ಲೋಹದ ಮೈಯನ್ನು ಎಂಜಿನ್ನಿಗೆ ತಾಗಿಸಿಟ್ಟು, ಸುತ್ತಮುತ್ತ ಚೆಲ್ಲಿದ ಎಣ್ಣೆ ಒರೆಸಿ, ದೀಪ ಆರಿಸಿ ಹಗ್ಗ ಎಳೆಯುವುದು. ಪ್ಲಗ್ಗಿನ ತುದಿಯಲ್ಲಿ ಹಾರಬೇಕಾದ ನೀಲಿ ಕಿಡಿ ಅಲ್ಲಿರುವುದಿಲ್ಲ. ಕಾಯಿಲಿನ ಪಕ್ಕೆಯಿಂದ ಬೋಲ್ಟಿನ ಕಡೆಗೆ ಚಿಟಿಚಿಟಿ ಎಂದು ಎಳೆಯಾಗಿ ಜಾರುತ್ತಿರುತ್ತದೆ. “ಹ್ವಾಯ್, ಅಲ್ಲ್ ಕಾಣಿ!” ಎನ್ನುವಾಗ ಮೆಕ್ಯಾನಿಕ್ಕಿನ ಮುಖದಲ್ಲಿ ಕಳ್ಳನನ್ನು ಹಿಡಿದ ಪೇದೆಯ ಗೆಲುವು.

ಈ ಕಿಡಿಯ ಮೂಲಪುರುಷ ಒಬ್ಬ ಪಾದ್ರಿ. ಐರ್ಲೆಂಡಿನ ಮೇನೂತ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನಿಕೋಲಸ್ ಕ್ಯಾಲನ್, 1836ರಲ್ಲಿ ಇಂಥ ಕಾಯಿಲು ಕಟ್ಟಿದವರು. ವೋಲ್ಟೇಜ್ ಅಳೆಯುವ ಸಾಧನ ಆಗೆಲ್ಲಿತ್ತು? ಶಿಷ್ಯರಿಗೇ ಶಾಕ್ ಕೊಟ್ಟು ನೋಡುತ್ತಿದ್ದರಂತೆ. ನಮ್ಮ ಮೆಕ್ಯಾನಿಕ್ಕುಗಳೂ ಹೆಲ್ಪರ್ ಹುಡುಗನಿಗೆ “ಆ ವಯರ್ ಸ್ವಲ್ಪ ಹಿಡ್ಕೋ” ಎನ್ನುವುದುಂಟು. ಪರಂಪರೆ ಎಲ್ಲಿಂದೆಲ್ಲಿಗೋ!

ರಿಪೇರಿ ಅಂತ ಹೇಳಿಕೊಳ್ಳುವಷ್ಟಿಲ್ಲ. ಸಿಹಿನೀರಿನಲ್ಲಿ ತೊಳೆದು ಉಪ್ಪು ಬಿಡಿಸಬೇಕು, ಚೆನ್ನಾಗಿ ಒಣಗಿಸಬೇಕು. ಬಿರುಕನ್ನು ಬ್ಲೇಡಿನಿಂದ ಕೆರೆದು ಅದರೊಳಗಿನ ಕರಿ ಗೆರೆಯನ್ನು ಪೂರ್ತಿ ತೆಗೆಯಬೇಕು. ಕಿಡಿ ಓಡಾಡಿ ಸುಟ್ಟ ಆ ಇದ್ದಿಲೇ ಕರೆಂಟಿಗೆ ದಾರಿ. ಅದನ್ನು ಬಿಟ್ಟು ಮೇಲೆ ಅರಾಲ್ಡೈಟ್ ಮೆತ್ತಿದರೆ ಕಳ್ಳನನ್ನು ಒಳಗಿಟ್ಟು ಬಾಗಿಲು ಹಾಕಿದ ಹಾಗೆಯೇ. ಪ್ಲಗ್ಗಿನ ವಯರ್ ತುದಿ ಹಸಿರಾಗಿದ್ದರೆ ಕತ್ತರಿಸಿ ಹೊಸ ತಾಮ್ರ ಕಾಣಿಸಬೇಕು. ಅಂಟು ಗಟ್ಟಿಯಾಗಲು ಒಂದು ರಾತ್ರಿ ಬಿಡಬೇಕು. ದೋಣಿಯವರಿಂದ ಆಗದ ಕೆಲಸ ಈ ಕೊನೆಯದೇ: ಮೀನು ಬಂದ ಸುದ್ದಿ ಕಿವಿಗೆ ಬಿದ್ದವನಿಗೆ ಅಂಟು ಒಣಗುವ ತನಕ ತಾಳ್ಮೆಯೇ?

ಒಳಗಿನ ಕೂದಲೆಳೆಯೇ ತುಂಡಾಗಿದ್ದರೆ ಮಾತ್ರ ಕೈಮುಗಿದು ಹೊಸತು ತರುವುದು ಲೇಸು. ಸಾವಿರಾರು ಸುತ್ತು ಮತ್ತೆ ಸುತ್ತುತ್ತೇನೆಂಬ ಶೂರರನ್ನು ಕಂಡರೆ ನನಗೆ ಭಯ. ಬೈಕಿನ ಕಾಯಿಲು ಕಟ್ಟಿ ದಡ ಸೇರಿದವರೂ ಇದ್ದಾರೆನ್ನಿ. ಆದರೆ ಎಲ್ಲ ಕಾಯಿಲೂ ಎಲ್ಲ ಎಂಜಿನ್ನಿಗೆ ಹೊಂದುವುದಿಲ್ಲ.

ಅಂಟು ಹಚ್ಚಿದ ಕಾಯಿಲನ್ನು ಎಷ್ಟು ದಿನ ನಂಬಬಹುದೆಂದು ಕೇಳಿದರೆ ಮೆಕ್ಯಾನಿಕ್ ಆಕಾಶ ನೋಡುತ್ತಾನೆ. ದೋಣಿಯ ಧಣಿ ಮಾತ್ರ ಖಂಡಿತವಾಗಿ ಹೇಳುತ್ತಾರೆ, ಬಂಗುಡೆ ಬಿದ್ದ ಕೂಡಲೇ ಹೊಸ ಕಾಯಿಲು ಎಂದು. ಬಂಗುಡೆಯೂ ಬೀಳುತ್ತದೆ, ದುಡ್ಡು ಬಲೆಗೆ ಹೋಗುತ್ತದೆ.