ರಾಯರ ಆಡಿಟ್

ಚೆನ್ನೈಯ ಪಶ್ಚಿಮ ಮಾಂಬಲಂನ ನಮ್ಮ ರಾಯರು ಉಡುಪಿ ಕಡೆಯವರು. ಬ್ಯಾಂಕಿನ ಆಡಿಟ್ ವಿಭಾಗದಲ್ಲಿ ಜೀವ ಸವೆಸಿ ನಿವೃತ್ತರಾದವರು. ಕೆಲಸ ಬಿಟ್ಟರೂ ಚಾಳಿ ಬಿಡಲಿಲ್ಲ. ಈಗ ಊರವರ ಪುಣ್ಯವನ್ನು ಆಡಿಟ್ ಮಾಡುತ್ತಾರೆ. ಯಾರೋ ಅನಾಥಾಲಯಕ್ಕೆ ದುಡ್ಡು ಕೊಟ್ಟರೆಂದು ಕಿವಿಗೆ ಬಿದ್ದರೆ ಸಾಕು, "ತೆರಿಗೆ ವಿನಾಯಿತಿಯ ರಸೀದಿ ತಗೊಂಡಿರಬೇಕಲ್ಲ?" ಅನ್ನುತ್ತಾರೆ. ರಕ್ತ ಕೊಟ್ಟವನಿಗೆ ಸಿಕ್ಕಿದ ಬಿಸ್ಕತ್ತು, ಹಣ್ಣಿನ ರಸ, ಸರ್ಟಿಫಿಕೇಟು ಎಲ್ಲವೂ ಅವರ ಪುಸ್ತಕದಲ್ಲಿ ಜಮಾ. ಹೆಸರೂ ಹೇಳದೆ ಕೊಟ್ಟು ಹೋದವನೊಬ್ಬ ಸಿಕ್ಕಿಬಿಟ್ಟರಂತೂ ಹಬ್ಬ. "ಅವನದ್ದು ಎಲ್ಲರಿಗಿಂತ ದೊಡ್ಡ ಸ್ವಾರ್ಥ ಮಾರಾಯ್ರೆ. ಹೆಸರು ಬೇಡ ಅಂತ ಹೇಳುವ ದೊಡ್ಡಸ್ತಿಕೆ ಉಂಟಲ್ಲ, ಅವನಿಗೆ ಅದು ಬೇಕು."

ಇಂಥವರನ್ನು ಪಂಗುನಿ ಉತ್ಸವದಲ್ಲಿ ಮೈಲಾಪುರಕ್ಕೆ ಕರೆದುಕೊಂಡು ಹೋಗಬಾರದು. ನಾನು ಹೋದೆ. ಕಪಾಲೀಶ್ವರನ ಉತ್ಸವದಲ್ಲಿ ಅರುಪತ್ತುಮೂವರ್ ದಿನವೆಂದರೆ, ನಾವು ಪುರಾತನರೆಂದು ಕರೆಯುವ ಅರವತ್ತುಮೂರು ಶಿವಭಕ್ತರು ಪಲ್ಲಕ್ಕಿ ಏರಿ ಬೀದಿಗೆ ಬರುವ ದಿನ. ಆವತ್ತು ದೇವಸ್ಥಾನದ ಸುತ್ತಲಿನ ನಾಲ್ಕು ಮಾಡ ಬೀದಿಗಳಲ್ಲಿ ಹಸಿದುಕೊಂಡು ನಡೆಯಲು ಯಾರಿಂದಲೂ ಸಾಧ್ಯವಿಲ್ಲ. ಮನೆ ಮುಂದೆ, ಅಂಗಡಿ ಮುಂದೆ, ಸಣ್ಣ ಲಾರಿಗಳ ಮೇಲೆ ಹಂಡೆಗಳು. ಸಾಂಬಾರನ್ನ, ಮೊಸರನ್ನ, ಸಕ್ಕರೆ ಪೊಂಗಲ್, ಪಾನಕ. ಬೇಡವೆಂದರೆ ಬೇಜಾರು ಮಾಡಿಕೊಳ್ಳುತ್ತಾರೆ, ಕೈಗೆ ತುರುಕಿಯೇ ಬಿಡುತ್ತಾರೆ. ರಾಯರು ಪೊಂಗಲ್ ದೊನ್ನೆ ಹಿಡಿದುಕೊಂಡೇ ಲೆಕ್ಕ ಶುರು ಮಾಡಿದರು. ಚಿನ್ನದ ಅಂಗಡಿಯವನದ್ದು ಜಾಹೀರಾತು, ತಳ್ಳಿಹಾಕಿ. ಬ್ಯಾನರ್ ಕಟ್ಟಿದವನು ಮುಂದಿನ ಸಲ ಕೌನ್ಸಿಲರ್ ಆಗುವವನು, ತಳ್ಳಿಹಾಕಿ. ಕಾಲೇಜು ಹುಡುಗರು ಬಡಿಸುವುದಕ್ಕಿಂತ ಸೆಲ್ಫಿ ಹೊಡೆಯುವುದೇ ಹೆಚ್ಚು, ಅದೂ ಹೋಯಿತು.

ಒಂದು ಹಳೇ ಮನೆಯ ಜಗಲಿಯಲ್ಲಿ ಅಜ್ಜಿಯೊಬ್ಬರು ಹಿತ್ತಾಳೆ ಕೊಳದಪ್ಪಲೆಯಿಂದ ನೀರುಮಜ್ಜಿಗೆ ಹೊಯ್ಯುತ್ತಿದ್ದರು. ಶುಂಠಿ, ಕರಿಬೇವು, ಹಸಿಮೆಣಸು, ಚೂರು ಇಂಗು. ಬ್ಯಾನರಿಲ್ಲ, ಫೋಟೊ ಇಲ್ಲ. ಇಲ್ಲಿ ರಾಯರು ಸೋತರು ಎಂದುಕೊಂಡೆ. ಅವರು ಬಿಡುತ್ತಾರೆಯೇ? ಲೋಟ ಚಾಚಿ, ವಿನಯದಿಂದ ತಮಿಳಿನಲ್ಲಿ ವಿಚಾರಿಸಿದರು. ಮೊಮ್ಮಗನಿಗೆ ಅಮೆರಿಕದ ವೀಸಾ ಸಿಗಲೆಂದು ಹರಕೆಯಂತೆ. ರಾಯರು ನನ್ನ ಮುಖ ನೋಡಿದ ರೀತಿ, ನಕಲಿ ವೋಚರ್ ಹಿಡಿದುಕೊಟ್ಟವರ ರೀತಿ.

"ಸರಿ, ಮಜ್ಜಿಗೆ ಹೇಗಿತ್ತು?" ಎಂದು ಕೇಳಿದೆ.

"ಮಜ್ಜಿಗೆ ಫಸ್ಟ್ ಕ್ಲಾಸ್. ಎರಡು ಲೋಟ ಕುಡಿದೆ."

ಆ ಅರವತ್ತುಮೂವರನ್ನಾದರೂ ರಾಯರ ಕೈಯಿಂದ ಪಾರು ಮಾಡೋಣವೆಂದರೆ ಅದೂ ಕಷ್ಟ. ಇಳಯಾನ್‌ಕುಡಿ ಮಾರನ ಕಥೆಯನ್ನೇ ತೆಗೆದುಕೊಳ್ಳಿ. ಅತಿಥಿಗಳಿಗೆ ಬಡಿಸಿ ಬಡಿಸಿಯೇ ಬಡವನಾದವನು. ಮಳೆ ಹೊಯ್ಯುವ ರಾತ್ರಿ ಮತ್ತೊಬ್ಬ ಅತಿಥಿ ಬಂದ. ಮನೆಯಲ್ಲಿ ಕಾಳಿಲ್ಲ. ಹಗಲು ಬಿತ್ತಿದ್ದ ಭತ್ತವನ್ನು ಕತ್ತಲಲ್ಲಿ ತಡಕಾಡಿ ಬಾಚಿ ತಂದ. ಒಣ ಸೌದೆಯಿಲ್ಲವೆಂದು ಮಾಡಿನ ಗಳುಗಳನ್ನೇ ಮುರಿದು ಒಲೆಗೆ ಇಟ್ಟ. ಇಷ್ಟು ಹೊತ್ತಿಗೆ ನಮ್ಮ ಕಣ್ಣು ಒದ್ದೆಯಾಗಿರುತ್ತದೆ. ಆದರೆ ಅತಿಥಿ ಶಿವನೇ ಆಗಿದ್ದ, ಗಂಡಹೆಂಡಿರಿಗೆ ಶಿವಲೋಕ ಸಿಕ್ಕಿತು. ನಮ್ಮ ಪುರಾಣಕಾರರಿಗೆ ಈ ಒಂದು ವಿಷಯದಲ್ಲಿ ಧೈರ್ಯ ಸಾಲದು. ಕೊಟ್ಟವನನ್ನು ಕೊನೆಯಲ್ಲಿ ಬರಿಗೈಲಿ ಕಳಿಸಲು ಅವರಿಗೆ ಮನಸ್ಸು ಬರುವುದಿಲ್ಲ. ಮಾರನಿಗೆ ಶಿವಲೋಕದ ಆಸೆಯಿರಲಿಲ್ಲವೆಂದು ನಾನು ನಂಬುತ್ತೇನೆ. ಸಾಬೀತು ಮಾಡು ಅಂದರೆ ಕಥೆಯೇ ನನ್ನ ಕೈಬಿಡುತ್ತದೆ.

ರಾಯರಿಗೆ ಇಂಗ್ಲೆಂಡಿನಲ್ಲಿ ಹದಿನೇಳನೆಯ ಶತಮಾನದಲ್ಲೇ ಒಬ್ಬ ಜೊತೆಗಾರನಿದ್ದ. ಮನುಷ್ಯ ಸ್ವಾರ್ಥಿಯೆಂದು ಬರೆದು ಹೆಸರಾದ ಥಾಮಸ್ ಹಾಬ್ಸ್. ಅವನು ಲಂಡನ್ನಿನ ಬೀದಿಯಲ್ಲಿ ಮುದಿ ಭಿಕ್ಷುಕನಿಗೆ ಕಾಸು ಹಾಕಿದ್ದನ್ನು ಪಾದ್ರಿಯೊಬ್ಬ ನೋಡಿದ. ಕ್ರಿಸ್ತನ ಆಜ್ಞೆ ಇರದಿದ್ದರೂ ಕೊಡುತ್ತಿದ್ದೆಯಾ ಎಂದು ಕೇಳಿದ. ಕೊಡುತ್ತಿದ್ದೆ, ಮುದುಕನ ಅವಸ್ಥೆ ನೋಡಿ ನನಗೇ ಸಂಕಟವಾಯಿತು, ಕೊಟ್ಟದ್ದರಿಂದ ನನಗೂ ಹಗುರಾಯಿತು ಎಂದನಂತೆ ಹಾಬ್ಸ್. ಅವನ ಪರಿಚಯದ ಜಾನ್ ಆಬ್ರಿ ಬರೆದಿಟ್ಟ ಪ್ರಸಂಗ. ಹಾಬ್ಸ್ ಗೆದ್ದನೆಂದು ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಪರರ ಸಂಕಟ ನೋಡಿ ತನ್ನ ಹೊಟ್ಟೆಯಲ್ಲಿ ಸಂಕಟವಾಗುವವನನ್ನು ಸ್ವಾರ್ಥಿಯೆಂದರೆ, ಏನೂ ಆಗದೆ ದಾಟಿ ಹೋಗುವವನನ್ನು ಏನೆನ್ನುವುದು?

ಅಡ್ಯಾರಿನ ಕ್ಯಾನ್ಸರ್ ಇನ್‌ಸ್ಟಿಟ್ಯೂಟನ್ನು ನೋಡಿ. ಡಾ. ಮುತ್ತುಲಕ್ಷ್ಮಿ ರೆಡ್ಡಿ ಅದಕ್ಕಾಗಿ ವರ್ಷಗಟ್ಟಲೆ ಪಟ್ಟುಹಿಡಿದದ್ದು ಸ್ವಂತ ತಂಗಿ ಕ್ಯಾನ್ಸರಿನಿಂದ ತೀರಿಕೊಂಡದ್ದನ್ನು ಕಣ್ಣಾರೆ ಕಂಡ ಮೇಲೆ. 1954ರಲ್ಲಿ ಹನ್ನೆರಡು ಹಾಸಿಗೆಗಳಿಂದ ಶುರುವಾಯಿತು. ಮರುವರ್ಷ ಸೇರಿದ ಡಾ. ವಿ. ಶಾಂತಾ 2021ರ ಜನವರಿಯಲ್ಲಿ ಕಣ್ಣುಮುಚ್ಚುವವರೆಗೆ ಆ ಆಸ್ಪತ್ರೆಯನ್ನು ಬಿಟ್ಟು ಹೋಗಲಿಲ್ಲ. ರಾಯರ ಪ್ರಕಾರ ತಂಗಿಯ ದುಃಖವೂ ಒಂದು ಸ್ವಂತ ಕಾರಣ, ತಳ್ಳಿಹಾಕಬೇಕು. ನನ್ನ ಪ್ರಕಾರ ಆ ಸ್ವಂತ ಕಾರಣ ಇಲ್ಲದಿದ್ದರೆ ಆಸ್ಪತ್ರೆಯೂ ಇರುತ್ತಿರಲಿಲ್ಲ. ಶುದ್ಧ ಪರೋಪಕಾರಿಗೆ ಅಷ್ಟು ಹಟ ಎಲ್ಲಿಂದ ಬರಬೇಕು?

ಹಾಗೆಂದು ಸ್ವಾರ್ಥದ ಬೆರಕೆಯೆಲ್ಲ ಒಂದೇ ಅಲ್ಲ. 2015ರ ಡಿಸೆಂಬರ್ ಮೊದಲ ವಾರ ಅಡ್ಯಾರ್ ನದಿ ಉಕ್ಕಿ ಕೋಟ್ಟೂರ್‌ಪುರಂ, ಸೈದಾಪೇಟೆಗಳಲ್ಲಿ ಮನೆಗಳು ಮುಳುಗಿದಾಗ, ಬೇರೆ ಊರುಗಳಿಂದ ಪರಿಹಾರದ ಲಾರಿಗಳು ಬಂದವು. ಆಳುವ ಪಕ್ಷದ ಕಾರ್ಯಕರ್ತರು ಅವನ್ನು ತಡೆದು, ಪೊಟ್ಟಣಗಳ ಮೇಲೆ ಆಗಿನ ಮುಖ್ಯಮಂತ್ರಿ ಜಯಲಲಿತಾ ಅವರ ಚಿತ್ರವಿರುವ ಸ್ಟಿಕ್ಕರ್ ಅಂಟಿಸುತ್ತಿದ್ದಾರೆಂಬ ದೂರು ಪತ್ರಿಕೆ, ಟಿವಿಗಳಲ್ಲಿ ತುಂಬಿಹೋಯಿತು. ಜನ ಸಿಟ್ಟಾದರು. ತಮಾಷೆಯೆಂದರೆ, ಅವರದೇ ಸರ್ಕಾರ 2013ರಲ್ಲಿ ಶುರು ಮಾಡಿದ ಅಗ್ಗದ ಊಟದ ಅಮ್ಮ ಉಣವಗಂಗಳ ಬೋರ್ಡಿನ ಮೇಲೂ ಅದೇ ಜಯಲಲಿತಾ ಅಮ್ಮನ ಮುಖವೇ ಇತ್ತು. ಅಲ್ಲಿ ಯಾರೂ ಸಿಟ್ಟಾಗಲಿಲ್ಲ. ಒಂದು ರೂಪಾಯಿಗೆ ಇಡ್ಲಿ, ಮೂರಕ್ಕೆ ಮೊಸರನ್ನ, ಐದಕ್ಕೆ ಸಾಂಬಾರನ್ನ. ಆಟೋದವರು, ಮೂಟೆ ಹೊರುವವರು ಸಾಲುಗಟ್ಟಿದರು. ವೋಟಿನ ಆಸೆ ಎರಡರಲ್ಲೂ ಇತ್ತು. ಉಣವಗಂ ವೋಟಿನ ಆಸೆಯಿಂದ ಬಿಸಿ ಇಡ್ಲಿ ಬೇಯಿಸಿತು; ಸ್ಟಿಕ್ಕರ್ ವೋಟಿನ ಆಸೆಯಿಂದ ಬೇರೆಯವರು ಕಳಿಸಿದ ಅನ್ನವನ್ನು ದಾರಿಯಲ್ಲಿ ನಿಲ್ಲಿಸಿತು. ಮಾಳಿಗೆಯ ಮೇಲೆ ನೀರಿನ ನಡುವೆ ಕೂತವನಿಗೆ ಈ ವ್ಯತ್ಯಾಸ ತಿಳಿಯಲು ತತ್ವಶಾಸ್ತ್ರ ಬೇಕಿಲ್ಲ. 2021ರ ಮೇ ತಿಂಗಳಲ್ಲಿ ಡಿಎಂಕೆ ಗೆದ್ದ ಉತ್ಸಾಹದಲ್ಲಿ ಆ ಪಕ್ಷದ ಇಬ್ಬರು ಮೊಗಪ್ಪೇರಿನ ಉಣವಗಂನ ಬೋರ್ಡು ಕಿತ್ತೆಸೆದಾಗ, ಪಕ್ಷದ ನಾಯಕ ಸ್ಟಾಲಿನ್ ಆ ಇಬ್ಬರ ಮೇಲೆ ಕ್ರಮ ಕೈಗೊಳ್ಳಲು ಹೇಳಿ ಬೋರ್ಡನ್ನು ಮತ್ತೆ ಹಾಕಿಸಿದರು. ಅದೂ ರಾಜಕೀಯವೇ ಎಂದರು ರಾಯರು. ಆಗಲಿ. ಇಡ್ಲಿ ಬೇಯಿಸುವ ರಾಜಕೀಯ ನಮ್ಮ ಕಡೆಗೂ ಮೊದಲೇ ಬಂದಿತ್ತಲ್ಲ! 2017ರಲ್ಲಿ ಬೆಂಗಳೂರಿನ ಇಂದಿರಾ ಕ್ಯಾಂಟೀನ್ ತೆರೆದದ್ದು ಅಮ್ಮ ಉಣವಗಂ ನೋಡಿಯೇ.

ಕೊಡುವವರ ಮನಸ್ಸು ಪರಿಶುದ್ಧವೋ ಅಲ್ಲವೋ ಎಂಬ ಈ ಚರ್ಚೆಯ ಬಗ್ಗೆ ನನಗೊಂದು ಗುಮಾನಿ. ಅದು ಕೊಡುವವರ ಪಾಳಯದ ಚರ್ಚೆ. ತೆಗೆದುಕೊಳ್ಳುವವರು ಅದರಲ್ಲಿ ಕೂತದ್ದನ್ನು ನಾನು ನೋಡಿಲ್ಲ. ಎಲ್ಲರ ಪುಣ್ಯದಲ್ಲೂ ಹುಳ ಕಂಡುಹಿಡಿಯುವವರಿಗೆ ಒಂದು ಲಾಭವಂತೂ ಉಂಟು, ತಾವು ಕಾಸು ಬಿಚ್ಚಬೇಕಾಗಿಲ್ಲ. ರಾಯರು ಈ ಮಾತಿಗೆ ನಕ್ಕರು, ಜೇಬಿಗೆ ಕೈಹಾಕಲಿಲ್ಲ.

ಕೊಡುವವನ ಎದೆಯೊಳಗೆ ಏನಿದೆಯೆಂದು ನಾನು ಇಣುಕುವುದಿಲ್ಲ. ಅವನ ಆಸೆಯ ಖರ್ಚು ಯಾರ ತಲೆಗೆ ಬಿತ್ತೆಂದು ನೋಡುತ್ತೇನೆ. ಏಪ್ರಿಲ್ ಬಂದರೆ ಚೆನ್ನೈಯ ರಸ್ತೆಬದಿಯಲ್ಲಿ ದಾರಿಹೋಕರಿಗೆ ನೀರು ಕೊಡುವ, ರಾಜಕೀಯ ಪಕ್ಷಗಳ ತಣ್ಣೀರ್ ಪಂದಲ್‌ಗಳು ಏಳುತ್ತವೆ. ಹೋದ ವರ್ಷ ಅಂಥದ್ದೊಂದು ಚಪ್ಪರದಲ್ಲಿ ಹತ್ತೂವರೆಗೇ ಎಲ್ಲ ಸಿದ್ಧ: ಒದ್ದೆಬಟ್ಟೆ ಸುತ್ತಿದ ಮಣ್ಣಿನ ಹಂಡೆ, ಕಲ್ಲಂಗಡಿ ಹೋಳುಗಳ ಗುಡ್ಡೆ, ಸೌತೆಕಾಯಿ. ಉದ್ಘಾಟನೆಗೆ ನಾಯಕರು ಬಾರದೆ ಮುಟ್ಟುವಂತಿಲ್ಲ. ರಸ್ತೆ ಗುಡಿಸಿ ಬಂದ ಹೆಂಗಸರು ಪೊರಕೆ ಊರಿಕೊಂಡು ನಿಂತಿದ್ದರು, ಟ್ರಾಫಿಕ್ ಪೊಲೀಸಿನವನು ಹಂಡೆಯನ್ನೇ ನೋಡುತ್ತಿದ್ದ. ಹನ್ನೆರಡು ದಾಟಿದ ಮೇಲೆ ನಾಯಕರು ಬಂದರು, ಫೋಟೊ ಆಯಿತು, ಹತ್ತು ನಿಮಿಷದಲ್ಲಿ ಗುಡ್ಡೆ ಕರಗಿತು. ಮಾರನೆಯ ದಿನ ಚಪ್ಪರವಿತ್ತು, ಹಂಡೆಯಲ್ಲಿ ನೀರಿರಲಿಲ್ಲ.

ಚಪ್ಪರ ಹಾಕುವ ಅಣ್ಣಂದಿರೇ, ನಿಮ್ಮ ನಾಯಕರ ಚಿತ್ರ ಎಷ್ಟು ದೊಡ್ಡದಿದ್ದರೂ ನಮ್ಮ ತಕರಾರಿಲ್ಲ. ವೋಟು ಬೇಕಾದರೂ ಕೇಳಿ. ಅವರು ಬರುವ ತನಕ ಕಾಯಿಸದೆ ನೀರು ಕೊಡಿ, ನಾಳೆಯೂ ಹಂಡೆ ತುಂಬಿಸಿ.