ಫೀಸ್ ಕಟ್ಟಾಗಿದೆ, ಹೋಗು

ಲೆಕ್ಕದ ಪುಸ್ತಕ, ಪುಟ 17

1/4

ಫೋಟೋದಲ್ಲಿ ಸೋಫಾ ಮೇಲೆ ತಲೆಕೆಳಗಾಗಿರೋ ಎರಡು ಕಾಲು ನಮ್ಮ ಪುಟ್ಟಿದು. ಅಕ್ಕನ ಮಗಳು, ಆರು ವರ್ಷ. ಮುಖ ಹಾಕಲ್ಲ, ಅದು ಅಕ್ಕನ ರೂಲು.

ಸುಮ್ನೆ ನಡ್ಕೊಂಡು ಬರೋದು ಅವಳಿಗೆ ಗೊತ್ತೇ ಇಲ್ಲ. ಹಾಲಿಂದ ಅಡುಗೆಮನೆಗೆ ಬರೋದಕ್ಕೂ ಒಂದು ಲಾಗ ಹಾಕ್ಲೇಬೇಕು. ಏಪ್ರಿಲ್‌ನಲ್ಲಿ ದಿವಾನ್ ಮೇಲಿಂದ ಹಾರಿ ಉಪ್ಪಿನಕಾಯಿ ಭರಣಿ ಒಡೆದ ದಿನ ಅಮ್ಮ ಹೇಳಿದ್ಳು, "ಇದನ್ನ ಎಲ್ಲಾದ್ರೂ ಜಿಮ್ನಾಸ್ಟಿಕ್ಸ್‌ಗೆ ಸೇರಿಸ್ರೇ, ಮನೆ ಉಳ್ಕೊಳ್ಳತ್ತೆ."

ಅಕ್ಕಂಗೆ ಆಸ್ಪತ್ರೇಲಿ ಶಿಫ್ಟ್ ಡ್ಯೂಟಿ. ಭಾವ ಇರೋದು ಹೊಸೂರಲ್ಲಿ, ಮೈಸೂರಿಗೆ ಬರೋದು ವಾರಕ್ಕೊಮ್ಮೆ. ಹಾಗಾಗಿ ಹುಡುಕೋ ಕೆಲಸ ನಂಗೆ ಬಂತು. "ನೀನೇ ತಾನೇ ಬಿಕಾಂ, ಲೆಕ್ಕ ಹಾಕಿ ನೋಡು" ಅಂದ್ಳು ಅಕ್ಕ.

ಹಾಕ್ದೆ. ಎಕ್ಸೆಲ್ ಶೀಟ್ ತೆಗ್ದು ಮೂರು ಕ್ಲಾಸ್‌ಗಳ ಹೆಸರು ಬರ್ದೆ. ಫೀಸು, ದೂರ, ಟೈಮು, ಸ್ಕೂಟರ್ ನಿಲ್ಸೋಕೆ ಜಾಗ, ಇನ್‌ಸ್ಟಾಗ್ರಾಂ ಪೇಜ್ ಹೇಗಿದೆ ಅನ್ನೋದು. ಒಂದು ಕಡೆ ತಿಂಗಳಿಗೆ 2,500. ಮೂರು ತಿಂಗಳದ್ದು ಒಟ್ಟಿಗೆ ಕಟ್ಟಿದ್ರೆ 6,000, ಟೀಶರ್ಟ್ ಫ್ರೀ. 1,500 ಉಳೀತು ಅಂತ ನಾನು ಬೀಗಿದ್ದೇ ಬೀಗಿದ್ದು. ಗೋಡೆ ತುಂಬಾ ಕನ್ನಡಿ, ಶೆಲ್ಫ್ ತುಂಬಾ ಕಪ್ಪು, ಮನೆಯಿಂದ ಹತ್ತು ನಿಮಿಷ. ಅಲ್ಲೇ ಸೇರಿಸಿದ್ವಿ.

ಆ ಶೀಟ್‌ನಲ್ಲಿ ಪುಟ್ಟಿಗೆ ಅಂತ ಒಂದು ಕಾಲಂ ಇರ್ಲಿಲ್ಲ.

2/4

ಎರಡನೇ ವಾರದಿಂದ ಕ್ಲಾಸ್ ಇರೋ ದಿನ ನಾಲ್ಕು ಗಂಟೆಗೆ ಸರಿಯಾಗಿ ಪುಟ್ಟಿಗೆ ಹೊಟ್ಟೆನೋವು. ಭಾನುವಾರ ಬರಲ್ಲ, ಕ್ಲಾಸ್ ಇಲ್ಲದ ಮಂಗಳವಾರ ಬರಲ್ಲ. ನಾನು ನಾಟಕ ಅನ್ಕೊಂಡೆ. "ಫೀಸ್ ಕಟ್ಟಾಗಿದೆ, ಹೋಗು" ಅಂದೆ. ಒಂದ್ಸಲ ಅಲ್ಲ, ನಾಲ್ಕೈದು ಸಲ.

ಅಲ್ಲಿ ಮನೆಯವರನ್ನ ಒಳಗೆ ಬಿಡಲ್ಲ. ಬಾಗಿಲಿಗೆ ದಪ್ಪ ಕರ್ಟನ್. "ನೀವಿದ್ರೆ ಮಕ್ಕಳು ಮುದ್ದು ಮಾಡ್ಕೊತಾರೆ, ವಾಟ್ಸಾಪ್‌ನಲ್ಲಿ ಫೋಟೋ ಕಳಿಸ್ತೀವಿ" ಅಂತಿದ್ರು. ಫೋಟೋ ಬರ್ತಿತ್ತು, ಎಲ್ಲಾ ಮಕ್ಕಳೂ ನಗ್ತಿದ್ರು. ನಾನೂ ಹಾರ್ಟ್ ಒತ್ತಿ ಸುಮ್ನಾಗ್ತಿದ್ದೆ.

ಒಂದು ಗುರುವಾರ ಅವಳ ನೀರಿನ ಬಾಟ್ಲು ಸ್ಕೂಟರ್‌ನಲ್ಲೇ ಉಳೀತು. ಕೊಡೋಣ ಅಂತ ವಾಪಸ್ ಹೋಗಿ ಕರ್ಟನ್ ಸರಿಸ್ದೆ. ಪುಟ್ಟಿ ಸ್ಪ್ಲಿಟ್‌ನಲ್ಲಿ ಕೂತಿದ್ಳು. ಹಿಂದಿನಿಂದ ಸರ್ ಎರಡೂ ಭುಜ ಹಿಡಿದು ಕೆಳಕ್ಕೆ ಒತ್ತುತಿದ್ರು. ಟೀಶರ್ಟಿನ ಕಾಲರ್ ಅವಳ ಬಾಯಲ್ಲಿತ್ತು, ಗಟ್ಟಿಯಾಗಿ ಕಚ್ಕೊಂಡಿದ್ಳು. ಅಳ್ತಿರಲಿಲ್ಲ. ಅತ್ರೆ ಇನ್ನೊಂದು ನಿಮಿಷ ಜಾಸ್ತಿ ಅಂತೆ, ಆಮೇಲೆ ಗೊತ್ತಾಯ್ತು.

ನನ್ನ ನೋಡಿದ ತಕ್ಷಣ ಕಾಲರ್ ಬಿಟ್ಟು ನಕ್ಕಳು, ಫೋಟೋದಲ್ಲಿ ನಗೋ ಥರಾನೇ. ಆ ನಗು ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಹಿಂಡತ್ತೆ.

ಎತ್ಕೊಂಡೆ. ಸರ್ ಕೂಗಾಡ್ಲಿಲ್ಲ. ತಣ್ಣಗೆ, "ಹೀಗೆಲ್ಲಾ ಮುದ್ದು ಮಾಡಿದ್ರೆ ದೀಪಾ ಕರ್ಮಾಕರ್ ಆಗೋದು ಹೇಗೆ?" ಅಂದ್ರು. ನಂಗೆ ಉತ್ತರ ಬರ್ಲಿಲ್ಲ. ಬಾಟ್ಲು ಅಲ್ಲೇ ಬಿಟ್ಟು ಬಂದೆ.

ರಾತ್ರಿ ಅಕ್ಕ ಡ್ಯೂಟಿ ಮುಗಿಸಿ ಬಂದ್ಮೇಲೆ ಎಲ್ಲಾ ಹೇಳ್ದೆ. ಆ 6,000 ಅವಳು ಎಕ್ಸ್‌ಟ್ರಾ ನೈಟ್ ಮಾಡಿ ಕೂಡಿಟ್ಟಿದ್ದು, ವಾಪಸ್ ಕೊಡಲ್ಲ ಅಂತ ರಸೀದಿ ಮೇಲೇ ಇದೆ. ಬೈತಾಳೆ ಅನ್ಕೊಂಡಿದ್ದೆ. ಅವಳು ದುಡ್ಡಿನ ಮಾತೇ ಎತ್ತದೆ ಪುಟ್ಟಿನ ಕೇಳಿದ್ಳು, "ನೋವಾಗ್ತಿತ್ತಾ ಚಿನ್ನಾ? ಯಾಕೆ ಹೇಳ್ಲಿಲ್ಲ?"

ಪುಟ್ಟಿ ಅಂದ್ಳು, "ಹೇಳ್ದೆ. ಚಿಕ್ಕಮ್ಮ ಫೀಸ್ ಕಟ್ಟಾಗಿದೆ ಅಂದ್ಳು."

3/4

ತಮಾಷೆ ಏನ್ ಗೊತ್ತಾ? ಅದೇ ತಿಂಗಳು ಇಂಟರ್ನಲ್ಸ್‌ನಲ್ಲಿ ಸಂಕ್ ಕಾಸ್ಟ್ ಬಗ್ಗೆ ಬರ್ದು ಫುಲ್ ಮಾರ್ಕ್ಸ್ ತಗೊಂಡಿದ್ದೆ. ಈಗಾಗ್ಲೇ ಖರ್ಚಾಗಿ ಹೋದ, ಏನ್ ಮಾಡಿದ್ರೂ ವಾಪಸ್ ಬಾರದ ದುಡ್ಡು. ಮುಂದಿನ ನಿರ್ಧಾರದಲ್ಲಿ ಅದನ್ನ ಲೆಕ್ಕಕ್ಕೆ ತಗೋಬಾರ್ದು. ಕ್ಲಾಸ್‌ಮೇಟ್ಸ್, ನಿಮ್ಗೂ ಬಾಯಿಪಾಠ ಇರತ್ತೆ. ಪೇಪರ್ ಮೇಲೆ ಬರೆಯೋಕೆ ಬಂತು, ಮನೇಲಿ ಒಂದು ಮಗುವಿನ ಮುಂದೆ ನೆನಪಾಗ್ಲಿಲ್ಲ.

ಸರ್ ಹೇಳಿದ ಮಾತು ಕೊರೀತಿತ್ತು. ಕೂತು ಓದ್ದೆ. ದೀಪಾ ಕರ್ಮಾಕರ್ ತ್ರಿಪುರಾದ ಅಗರ್ತಲಾದವರು. ಆರನೇ ವಯಸ್ಸಿಗೆ ಶುರು ಮಾಡಿದ್ರು. ಪಾದ ಚಪ್ಪಟೆ ಇತ್ತು, ಜಿಮ್ನಾಸ್ಟಿಕ್ಸ್‌ಗೆ ಅದು ದೊಡ್ಡ ತೊಡಕು. ಕೋಚ್ ಬಿಶ್ವೇಶ್ವರ ನಂದಿ ಜೊತೆ ವರ್ಷಗಟ್ಟಲೆ ಅದನ್ನ ತಿದ್ಕೊಂಡ್ರು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಪ್ರೊಡುನೋವಾ ವಾಲ್ಟ್ ಹಾಕಿ 15.066 ಅಂಕ ತಗೊಂಡು ನಾಲ್ಕನೇ ಸ್ಥಾನ. ಕಂಚು ತಪ್ಪಿದ್ದು ಬರೀ 0.150ರಲ್ಲಿ. ಆಗ ಅವರಿಗೆ 23 ವರ್ಷ. ಅಂದ್ರೆ 17 ವರ್ಷದ ಕೆಲಸ ಅದು. ಒಲಿಂಪಿಕ್ಸ್‌ಗೆ ಹೋಗ್ಬೇಕು ಅಂದ್ರೂ ಆ ವರ್ಷ 16 ತುಂಬ್ಬೇಕು ಅಂತ ನಿಯಮಾನೇ ಇದೆ. ಹಾಗಿದ್ಮೇಲೆ ಆರು ವರ್ಷದ ಮಗೂನ ಮೂರನೇ ವಾರದಲ್ಲಿ ಸ್ಪ್ಲಿಟ್‌ಗೆ ಒತ್ತೋ ಅರ್ಜೆಂಟ್ ಏನಿತ್ತು?

ಕರ್ಟನ್ ಬಗ್ಗೆನೂ ಒಂದು ಮಾತು. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ಡಾಕ್ಟರ್ ಲ್ಯಾರಿ ನಾಸರ್ ವರ್ಷಾನುಗಟ್ಟಲೆ ಹುಡುಗೀರ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ. 2018ರ ಜನವರಿಯಲ್ಲಿ 150ಕ್ಕೂ ಹೆಚ್ಚು ಹೆಣ್ಮಕ್ಕಳು ಕೋರ್ಟ್‌ನಲ್ಲಿ ಎದ್ದು ನಿಂತು ಮಾತಾಡಿದ್ರು. ಕೆಲವರು ಚಿಕ್ಕವರಿದ್ದಾಗಲೇ ದೊಡ್ಡವರಿಗೆ ಹೇಳಿದ್ರು, ಯಾರೂ ನಂಬಿರ್ಲಿಲ್ಲ. ನಮ್ಮ ಕ್ಲಾಸ್‌ನಲ್ಲಿ ಅಂಥದ್ದು ನಡೀತು ಅಂತ ನಾನು ಹೇಳ್ತಿಲ್ಲ. ಮಗು ಹೇಳಿದ್ದನ್ನ ನಾಟಕ ಅಂದವ್ರಲ್ಲಿ ನಾನೂ ಒಬ್ಳು ಅಂತ ಹೇಳ್ತಿದೀನಿ.

4/4

ಎರಡನೇ ಸಲ ಹುಡುಕುವಾಗ ಶೀಟ್ ಬಿಟ್ಟು ಹೋಗಿ ಕೂತ್ವಿ. ಪ್ರತಿ ಕಡೆ ಒಂದು ಪೂರ್ತಿ ಕ್ಲಾಸ್ ನೋಡಿದ್ವಿ, ಪುಟ್ಟಿನೂ ಜೊತೆಗೆ. ನಿಮ್ಮ ಅಕ್ಕನೋ ಅತ್ತಿಗೆನೋ ಹುಡುಕ್ತಿದ್ರೆ ಇದನ್ನ ಸೇವ್ ಮಾಡ್ಕೊಳಿ:

ಮೊದ್ಲು, ಒಳಗೆ ಕೂತು ನೋಡೋಕೆ ಬಿಡ್ತಾರಾ? ಯಾವತ್ತಾದ್ರೂ ಹೇಳ್ದೆ ಬಂದ್ರೂ?

ನೆಲ ನೋಡಿ. ಇಳಿಯೋ ಜಾಗದಲ್ಲಿ ದಪ್ಪ ಮ್ಯಾಟ್ ಇದ್ಯಾ, ಅಥವಾ ಗ್ರಾನೈಟ್ ಮೇಲೆ ಯೋಗಾ ಮ್ಯಾಟ್ ಹಾಸಿದಾರಾ?

ಕೋಚ್ ಎಲ್ಲಿ ಕಲ್ತಿದಾರೆ ಅಂತ ಕೇಳಿ, ನಾಚ್ಕೋಬೇಡಿ. ಪಟಿಯಾಲದ ಎನ್‌ಐಎಸ್‌ನಲ್ಲಿ ಕೋಚಿಂಗ್ ಡಿಪ್ಲೊಮಾ ಇದೆ. ಕಲ್ತವ್ರು ಖುಷಿಯಿಂದ ಹೇಳ್ತಾರೆ.

ಚೆನ್ನಾಗಿ ಮಾಡೋ ಮಗೂನ ಬಿಡಿ. ಎಲ್ರಿಗಿಂತ ಹಿಂದೆ ಇರೋ ಮಗು ಹತ್ರ ಹೇಗೆ ಮಾತಾಡ್ತಾರೆ ನೋಡಿ.

"ನೋವಾಗ್ತಿದೆ" ಅಂತ ಮಗು ಅಂದ್ರೆ ಏನ್ ಮಾಡ್ತಾರೆ? ಇದೊಂದು ಪ್ರಶ್ನೆ ಕೇಳಿದ್ರೆ ಅರ್ಧ ಗೊತ್ತಾಗೋಗತ್ತೆ.

ಈಗ ಪುಟ್ಟಿ ಹೋಗೋ ಕಡೆ ಕನ್ನಡಿ ಇಲ್ಲ, ಕಪ್ಪು ಇಲ್ಲ. ಹಳೇ ಶಟಲ್ ಹಾಲ್, ಫ್ಯಾನ್ ಸದ್ದು ಮಾಡತ್ತೆ. ಮನೆಯಿಂದ ಇಪ್ಪತ್ತೈದು ನಿಮಿಷ. ತಿಂಗಳಿಗೆ 1,200, ತಿಂಗಳು ತಿಂಗಳೇ ಕಟ್ಬೇಕು. ಅಲ್ಲಿನ ಮೇಡಂ ಮೊದಲ ಎರಡು ವಾರ ಕಲಿಸಿದ್ದು ಬೀಳೋದನ್ನ. ಗಲ್ಲ ಎದೆಗೆ ಒತ್ಕೋಬೇಕು, ಕೈ ನೆಟ್ಟಗೆ ಊರಬಾರ್ದು, ಉರುಳ್ಬೇಕು. ಬೀಮ್ ಅಂದ್ರೆ 10 ಸೆಂಟಿಮೀಟರ್ ಅಗಲದ ಹಲಗೆ, ದೊಡ್ಡವರ ಸ್ಪರ್ಧೇಲಿ ನೆಲದಿಂದ 125 ಸೆಂಟಿಮೀಟರ್ ಎತ್ತರದಲ್ಲಿ ಇರತ್ತೆ. ಮೇಡಂ ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಷ್ಟೇ ಅಗಲದ ಪಟ್ಟಿ ಎಳೆದು, "ಮೊದ್ಲು ಇಲ್ಲಿ ನಡೀರಿ, ಎತ್ತರ ಎಲ್ಲೂ ಓಡಿಹೋಗಲ್ಲ" ಅಂತಾರೆ.

ಮೂರು ತಿಂಗಳಾಯ್ತು. ಸ್ಪ್ಲಿಟ್ ಇನ್ನೂ ಬರಲ್ಲ. ಕಾರ್ಟ್‌ವೀಲ್ ಹಾಕಿದ್ರೆ ಕಪ್ಪೆ ಥರ ಬೀಳ್ತಾಳೆ, ಎದ್ದು ತಾನೇ ನಗ್ತಾಳೆ. ಫೋಟೋಗೆ ನಗೋದಕ್ಕೂ ಇದಕ್ಕೂ ವ್ಯತ್ಯಾಸ ನಂಗೀಗ ಗೊತ್ತಾಗತ್ತೆ.

ಮೊನ್ನೆ ಬುಧವಾರ ನಾಲ್ಕು ಗಂಟೆಗೆ ಬಂದು ಹೊಟ್ಟೆನೋವು ಅಂದ್ಳು. ನಾನು ಸ್ಕೂಟರ್ ಕೀ ವಾಪಸ್ ಮೊಳೆಗೆ ಹಾಕ್ದೆ. ಅವಳು ಸ್ವಲ್ಪ ಹೊತ್ತು ನನ್ನೇ ನೋಡಿದ್ಳು.

"ಚಿಕ್ಕಮ್ಮಾ, ಫೀಸು?"

"ಹೋಗ್ಲಿ ಬಿಡೇ" ಅಂದೆ.

ಆಮೇಲೆ ಗೊತ್ತಾಯ್ತು, ಮಧ್ಯಾಹ್ನ ಯಾರಿಗೂ ಕಾಣದ ಹಾಗೆ ಆರು ಚಕ್ಕುಲಿ ತಿಂದಿದ್ಳಂತೆ.

ನಿಮ್ಗೂ ಚಿಕ್ಕವರಿದ್ದಾಗ "ಫೀಸ್ ಕಟ್ಟಾಗಿದೆ, ಹೋಗು" ಅಂತ ಕಳಿಸಿದ ಕ್ಲಾಸ್ ಯಾವ್ದು? ಕಾಮೆಂಟ್‌ನಲ್ಲಿ ಹೇಳಿ, ಎಲ್ಲಾ ಓದ್ತೀನಿ.

#ಲೆಕ್ಕದಪುಸ್ತಕ #ಮೈಸೂರುಹುಡುಗಿ #ಚಿಕ್ಕಮ್ಮನಡೈರಿ